ಎಕೋ ಪೆಟ್ಟಿಗೆಯಿಂದ ನಾನು ತೆಗೆದೆಸೆದ ಕಸ

ಸ್ಪ್ರಿಂಗ್ ರಿವರ್ಬ್ ಪೆಟ್ಟಿಗೆಯ ಆರೋಗ್ಯ ನೋಡಬೇಕೆಂದರೆ ಮೊದಲು ಅದಕ್ಕೊಂದು ಗುದ್ದು ಕೊಡಬೇಕು. ಒಳಗೆ ಎಲ್ಲ ಸರಿಯಿದ್ದರೆ ಸ್ಪ್ರಿಂಗುಗಳು ಒಂದಕ್ಕೊಂದು ಬಡಿದು ಸ್ಪೀಕರಿನಲ್ಲಿ ಗುಡುಗಿದಂತೆ ಸದ್ದಾಗುತ್ತದೆ. ಯಾದಗಿರಿಯ ಸ್ಟೇಷನ್ ರಸ್ತೆಯಲ್ಲಿರುವ ನನ್ನ ರಿಪೇರಿ ಅಂಗಡಿಯ ಮೇಜಿನ ಮೇಲೆ ಆ ದಿನ ಕಂದು ರೆಕ್ಸಿನ್ ಹೊದಿಕೆಯ ಹಳೆಯ ಪೆಟ್ಟಿಗೆಯೊಂದು ಕೂತಿತ್ತು. ಗುದ್ದಿದೆ. ಗುಡುಗಲಿಲ್ಲ. ಇನ್ನೊಮ್ಮೆ, ಸ್ವಲ್ಪ ಜೋರಾಗಿಯೇ ಗುದ್ದಿದೆ. ಗುಂಯ್ ಎನ್ನುವ ಕರೆಂಟಿನ ಗೊಣಗಾಟ ಬಿಟ್ಟರೆ ಏನೂ ಇಲ್ಲ.

"ಸಾವಕಾಶ ಹೊಡೀರಿ ಸರ, ವಯಸ್ಸಾಗ್ಯಾದ ಅದಕ್ಕ," ಎಂದರು ಪೆಟ್ಟಿಗೆಯ ಧಣಿ.

ಅವರು ಸುರಪುರದವರು. ಒಂದು ಕಾಲದಲ್ಲಿ ಈ ಭಾಗದ ಮದುವೆ, ಗಣೇಶನ ಹಬ್ಬ, ಕಾಲೇಜಿನ ಗ್ಯಾದರಿಂಗು ಎಲ್ಲಕ್ಕೂ ಹೋಗುತ್ತಿದ್ದ ಆರ್ಕೆಸ್ಟ್ರಾದಲ್ಲಿ ಎಲೆಕ್ಟ್ರಿಕ್ ಗಿಟಾರ್ ಬಾರಿಸುತ್ತಿದ್ದವರು. ಎಲ್ಲರಿಗೂ ಮಾಸ್ತರು. ಪೆಟ್ಟಿಗೆಯನ್ನು ಕೌದಿಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದಿದ್ದರು. ಕೌದಿ ಬಿಚ್ಚುವಾಗ ಅವರ ಕೈ ನೋಡಿದರೆ ಒಳಗೆ ಕೂಸು ಮಲಗಿದೆ ಎಂದುಕೊಳ್ಳಬೇಕು.

ನಮ್ಮ ಕಡೆ ಇದಕ್ಕೆ ಎಕೋ ಪೆಟ್ಟಿಗಿ ಅನ್ನುತ್ತಾರೆ. ಕೆಲಸ ಸರಳ. ಗಿಟಾರಿನ ದನಿಯ ಒಂದು ಪಾಲನ್ನು ಎರಡು ಉದ್ದನೆಯ ಸ್ಪ್ರಿಂಗುಗಳ ಒಂದು ತುದಿಗೆ ನಡುಕವಾಗಿ ಕೊಡುವುದು, ಆ ನಡುಕ ಸ್ಪ್ರಿಂಗಿನುದ್ದಕ್ಕೂ ಹೋಗಿ ಬಂದು ಮಾಡುತ್ತಿರುವಾಗ ಇನ್ನೊಂದು ತುದಿಯಲ್ಲಿ ಅದನ್ನು ಹಿಡಿದು ಮತ್ತೆ ದನಿ ಮಾಡುವುದು. ತಂತಿ ಮೀಟಿ ಬಿಟ್ಟ ಮೇಲೂ ಸ್ವರ ಹಳೆ ಗುಡಿಯೊಳಗೆ ಹಾಡಿದಂತೆ ಒಂದಷ್ಟು ಹೊತ್ತು ಗುಂಗಾಗಿ ಉಳಿಯುತ್ತದೆ. ಈಗ ಇದನ್ನೆಲ್ಲ ಅಂಗೈಯಗಲದ ಪೆಡಲ್ ಮಾಡುತ್ತದೆ. ಇದು ಟ್ರಾನ್ಸಿಸ್ಟರಿಗೂ ಹಿಂದಿನ, ಗಾಜಿನ ವಾಲ್ವುಗಳು ದನಿ ಹಿಗ್ಗಿಸುತ್ತಿದ್ದ ಕಾಲದ್ದು. ಹೈದರಾಬಾದಿನಲ್ಲಿ ಸೆಕೆಂಡ್ ಹ್ಯಾಂಡಾಗಿ ಕೊಂಡದ್ದಂತೆ.

"ಸಣ್ಣ ಪೆಡಲ್ ಸಿಗತಾವಲ್ರಿ ಮಾಸ್ತರ. ಇದರ ಹಿಂದ ಯಾಕ ಹೈರಾಣ ಆಗತೀರಿ?"

"ತಂದು ನೋಡೀವ್ರಿ. ಆಕಿ ಒಲ್ಲೆ ಅಂದಳು."

ಆಕಿ ಎಂದರೆ ಅವರ ಹೆಂಡತಿ, ಅದೇ ಆರ್ಕೆಸ್ಟ್ರಾದ ಹಾಡುಗಾರ್ತಿ. ಊರವರಿಗೆ ಅಕ್ಕಾರು. ಅವರ ಕಾರ್ಯಕ್ರಮ ಯಾವಾಗಲೂ ಒಂದು ತತ್ವಪದದಿಂದ ಶುರುವಾಗುತ್ತಿತ್ತು. ಮೊದಲು ಗಿಟಾರ್ ಒಂದೇ, ನಿಧಾನಕ್ಕೆ. ಢೋಲಕ್ ಇಲ್ಲ, ತಾಳ ಇಲ್ಲ. ಕೊನೆಯ ಸ್ವರವನ್ನು ಮಾಸ್ತರು ಮೀಟಿ ಬಿಟ್ಟುಬಿಡುವರು. ಅದರ ಗುಂಗು ಇಳಿದು ಮುಗಿಯುವ ಕಡೆ ಅಕ್ಕಾರು ಪದ ಎತ್ತಿಕೊಳ್ಳುವರು. ಪೆಟ್ಟಿಗೆ ಮೂಕಾದ ಮೇಲೆ ಅವರು ಸ್ಟೇಜ್ ಹತ್ತಿರಲಿಲ್ಲ. ಈಗ ಅವರ ಜೊತೆ ಜೀವಮಾನವಿಡೀ ಢೋಲಕ್ ಬಾರಿಸಿದವರ ಮಗಳ ಮದುವೆ ಶಹಾಪುರದಲ್ಲಿ ಗೊತ್ತಾಗಿತ್ತು. ಒಂದೇ ಒಂದು ಪದ ಹಾಡಬೇಕು ಎಂದು ಆ ಗೆಳೆಯ ಮನೆಗೇ ಬಂದು ಕೈ ಹಿಡಿದು ಕೇಳಿದ್ದರು.

"ಪೆಟ್ಟಿಗಿ ಹಾಡಿದ್ರ ನಾನೂ ಹಾಡತೀನಿ ಅಂದಾಳ. ಇಲ್ಲಂದ್ರ ಅಕ್ಕಿಕಾಳು ಹಾಕಿ, ಊಟಾ ಮಾಡಿ, ಸುಮ್ಮ ಬರೋಣು ಅಂತ."

ಅವರ ಹಾಡು ನನಗೆ ಹೊಸದಲ್ಲ. ಕಾಲೇಜಿನ ದಿನಗಳಲ್ಲಿ ಶಹಾಪುರದ ಮೈದಾನವೊಂದರಲ್ಲಿ ಹಿಂದಿನ ಸಾಲಿನಲ್ಲಿ ನಿಂತು ಕೇಳಿದ್ದೆ. ಬಾವಿಯೊಳಗಿಂದ ಬಂದಂತಿದ್ದ ಗಿಟಾರ್, ಆಮೇಲೆ ಒಂದು ಖಾಲಿ, ಆ ಖಾಲಿಯೊಳಗಿಂದ ಎದ್ದು ಬಂದ ಹೆಣ್ಣುದನಿ. ಮಾಸ್ತರಿಗೆ ಖುಷಿಯಾಗಲಿ ಎಂದು ಅದನ್ನು ಹೇಳಿದೆ.

ಅವರು ಕಣ್ಣು ಕಿರಿದು ಮಾಡಿ ಯೋಚಿಸಿದರು. "ಆ ಮೈದಾನದಾಗ ನಾವು ಬಾರಿಸೇ ಇಲ್ಲಲ್ರಿ ಸರ. ಅಲ್ಲಿಗೆ ಬರತಿದ್ದದ್ದು ರಾಯಚೂರಿನ ಪಾರ್ಟಿ. ಅವರ ಹಂತ್ಯಾಕ ಎಕೋ ಪೆಟ್ಟಿಗಿ ಎಲ್ಲಿತ್ತು?"

ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವನು ನಾನು, ಅಳೆಯದೆ ಏನನ್ನೂ ನಂಬಬಾರದು ಎಂಬ ಪಾಠ ಅಲ್ಲಿಂದಲೇ ಮೈಗೆ ಹತ್ತಿದ್ದು. ಈಚೆಗೆ ಆ ಪಾಠವನ್ನು ಹೆಚ್ಚಾಗಿ ನನ್ನ ತಲೆಯ ಮೇಲೆಯೇ ಪ್ರಯೋಗಿಸಬೇಕಾಗಿ ಬಂದಿದೆ. ಕೇಳಿದ್ದು ಇವರನ್ನೋ, ಆಮೇಲೆ ಯಾವುದೋ ಕ್ಯಾಸೆಟ್ ಕೇಳಿ ಇವರನ್ನು ಆ ಮೈದಾನಕ್ಕೆ ಕರೆತಂದೆನೋ, ದೇವರೇ ಬಲ್ಲ.

ಮಾಸ್ತರು ಪೆಟ್ಟಿಗೆಯ ನೆತ್ತಿ ಸವರಿ, ಖಾಲಿ ಕೌದಿ ಮಡಚಿ ಬಗಲಲ್ಲಿಟ್ಟುಕೊಂಡು ಬಸ್‌ಸ್ಟ್ಯಾಂಡಿಗೆ ಹೋದರು. ನಾನು ಸ್ಕ್ರೂಗಳನ್ನು ಬಿಚ್ಚಿದೆ.

ದನಿ ಎಲ್ಲಿ ಸಾಯುತ್ತಿದೆ ಎಂದು ಹುಡುಕುವುದು ಮೊದಲ ಕೆಲಸ. ಒಂದು ಗಿಟಾರ್ ಜೋಡಿಸಿ ಮೀಟಿದೆ. ಒಣ ದನಿ ಸ್ಪೀಕರಿಗೆ ಬರುತ್ತಿತ್ತು, ಗುಂಗು ಮಾತ್ರ ಇಲ್ಲ. ಸ್ಪ್ರಿಂಗುಗಳಿರುವುದು ತಗಡಿನ ಉದ್ದ ತಟ್ಟೆಯೊಂದರಲ್ಲಿ, ಪೆಟ್ಟಿಗೆಯ ತಳದಲ್ಲಿ. ಆ ತಟ್ಟೆಗೆ ಕಿವಿ ಹಚ್ಚಿ ಮತ್ತೆ ಮೀಟಿದೆ. ಸೊಳ್ಳೆಯಷ್ಟು ಸಣ್ಣ ದನಿಯಲ್ಲಿ ಸ್ಪ್ರಿಂಗುಗಳೇ ಗಿಟಾರಿನ ಸ್ವರ ಹಾಡುತ್ತಿದ್ದವು. ಅಂದರೆ ನಡುಕ ಒಳಗೆ ಹೋಗುತ್ತಿದೆ. ತಟ್ಟೆಯಿಂದ ಹೊರಬರುವ ವೈರನ್ನು ಕಿತ್ತು ಅದರ ತುದಿಗೆ ಬೆರಳು ಮುಟ್ಟಿಸಿದೆ. ಸ್ಪೀಕರ್ ಗುರ್ ಎಂದಿತು. ಅಂದರೆ ಮುಂದಿನ ವಾಲ್ವ್ ಕೂಡ ಬದುಕಿದೆ. ಉಳಿದದ್ದು ನಡುವಿನ ಒಂದೇ ಜಾಗ: ಸ್ಪ್ರಿಂಗಿನ ನಡುಕವನ್ನು ಹಿಡಿಯುವ ಕಾಯಿಲ್. ಮೀಟರ್ ಹಚ್ಚಿದೆ. ಮುಳ್ಳು ಅಲುಗಲಿಲ್ಲ. ಕೂದಲಿಗಿಂತ ಸಣ್ಣ ತಂತಿ ಎಲ್ಲೋ ಹರಿದಿತ್ತು.

ತಟ್ಟೆಯನ್ನು ಹೊರಗೆ ತೆಗೆದು ದೀಪದ ಕೆಳಗಿಟ್ಟೆ. ಧೂಳು, ಜೇಡನ ಬಲೆ, ಸ್ಪ್ರಿಂಗುಗಳ ನಡುವೆ ಸಿಕ್ಕಿಕೊಂಡಿದ್ದ ಕಪ್ಪನೆಯ ಹತ್ತಿಯ ಉಂಡೆ. ಇಲಿ ಗೂಡು ಎಂದುಕೊಂಡೆ. ಚಿಮಟದಿಂದ ಅದನ್ನು ಎಳೆದು ಬುಟ್ಟಿಗೆ ಎಸೆದೆ, ಬ್ರಷ್ಷಿನಿಂದ ಉಳಿದ ಕಸ ಗುಡಿಸಿದೆ. ಹಸಿರುಗಟ್ಟಿದ ಬೆಸುಗೆಯ ಬುಡದಲ್ಲಿಯೇ ತಂತಿ ಹರಿದಿದ್ದು ಕಾಣಿಸಿತು. ಕಾಯಿಲಿನಿಂದ ಒಂದು ಸುತ್ತು ಬಿಚ್ಚಿ, ತುದಿಯ ವಾರ್ನಿಷ್ ಕೆರೆದು ಬೆಸೆಯಬೇಕು. ಕೆರೆಯುವಾಗಲೇ ತುಂಡಾಯಿತು. ಇನ್ನೊಂದು ಸುತ್ತು ಬಿಚ್ಚಿದೆ. ಈ ಸಲ ಬೆಸುಗೆ ಹಿಡಿಯಿತು, ಕೈ ತೆಗೆಯುವಾಗ ತೋಳು ತಾಗಿ ಹರಿಯಿತು. ಎದ್ದು ಹೊರಗೆ ಹೋಗಿ ಚಾ ಕುಡಿದು ಬಂದೆ. ಒಂದೆಡೆ ಕೂಡುವ ಜಾಯಮಾನ ನನ್ನದಲ್ಲ. ಈ ಕೆಲಸ ನನ್ನನ್ನು ಆಗಾಗ ಕುರ್ಚಿಗೆ ಕಟ್ಟಿಹಾಕಿ ಸೇಡು ತೀರಿಸಿಕೊಳ್ಳುತ್ತದೆ. ಮೂರನೆಯ ಸಲ ನಿಂತಿತು. ಮೀಟರಿನ ಮುಳ್ಳು ಎದ್ದಾಗ ಅಂಗಡಿಯಲ್ಲಿ ನಾನೊಬ್ಬನೇ ಇದ್ದರೂ "ಶಾಬಾಸ್" ಎಂದೆ.

ಗೊಣಗಾಟ ಉಳಿದಿತ್ತು. ಕರೆಂಟನ್ನು ಸೋಸುವ ಕೆಪಾಸಿಟರುಗಳು ಒಣಗಿಹೋಗಿದ್ದವು, ಬದಲಿಸಿದೆ. ದನಿ ದಾಟಿಸುವ ಸಣ್ಣ ಕೆಪಾಸಿಟರುಗಳಲ್ಲಿ ಎರಡು ಸೋರುತ್ತಿದ್ದವು, ಅವನ್ನೂ ಬದಲಿಸಿದೆ. ತಟ್ಟೆಯನ್ನು ಮೊದಲಿದ್ದಂತೆ ಕೂರಿಸಿ ಸ್ವಿಚ್ ಹಾಕಿದರೆ ಗೊಣಗಾಟ ಮೊದಲಿಗಿಂತ ಜೋರು! ಅರ್ಧ ದಿನ ಅರ್ಥಿಂಗ್ ಹುಡುಕಿದೆ, ವೈರುಗಳನ್ನು ಸರಿಸಾಡಿದೆ. ಕೊನೆಗೆ ತಟ್ಟೆಯನ್ನು ಕೈಯಲ್ಲಿ ಹಿಡಿದು ಸುಮ್ಮನೆ ತಿರುಗಿಸಿ ನೋಡಿದಾಗ ಗೊಣಗಾಟ ನಿಂತೇ ಹೋಯಿತು. ನಾನು ತಟ್ಟೆಯನ್ನು ತಿರುವುಮುರುವಾಗಿ ಕೂರಿಸಿದ್ದೆ. ಸೂಕ್ಷ್ಮ ಕಾಯಿಲ್ ಟ್ರಾನ್ಸ್‌ಫಾರ್ಮರಿನ ಪಕ್ಕಕ್ಕೆ ಬಂದು ಅದರ ಗೊಣಗನ್ನೆಲ್ಲ ಕುಡಿಯುತ್ತಿತ್ತು. ಬಿಚ್ಚುವಾಗ ಹಸಿರುಗಟ್ಟಿದ ತುದಿ ಎಡಕ್ಕಿತ್ತು ಎಂದು ನನಗೆ ಖಾತ್ರಿ ನೆನಪಿತ್ತು. ಫೋಟೋ ತೆಗೆದಿದ್ದೇನೆಂದೂ ನೆನಪಿತ್ತು. ಫೋನಿನಲ್ಲಿ ನೋಡಿದರೆ ಮುಚ್ಚಿದ ಪೆಟ್ಟಿಗೆಯ ಫೋಟೋ ಮಾತ್ರ, ಪಕ್ಕದಲ್ಲಿ ಮಾಸ್ತರು ನಗುತ್ತ ನಿಂತಿದ್ದರು.

ತಟ್ಟೆ ತಿರುಗಿಸಿ ಕೂರಿಸಿ ಗುದ್ದಿದೆ. ಭರ್ಜರಿ ಗುಡುಗು. ಮರುದಿನವೇ ಸುರಪುರದ ಬಸ್ ಹತ್ತಿದೆ.

ಗುಡ್ಡದ ಬುಡದಲ್ಲಿ ಅವರ ಮನೆ. ಪಡಸಾಲೆಯಲ್ಲಿ ಪೆಟ್ಟಿಗೆ ಇಟ್ಟು, ಅವರ ಹಳೆಯ ಆಂಪ್ಲಿಫೈಯರಿಗೆ ಜೋಡಿಸಿದೆ. ಮಾಸ್ತರು ಗಿಟಾರ್ ಹೆಗಲಿಗೇರಿಸಿ ಒಂದು ತಂತಿ ಮೀಟಿದರು. ಸ್ವರ ಮನೆಯ ತೊಲೆಗಳವರೆಗೆ ಹೋಗಿ ತೇಲುತ್ತ ನಿಂತಿತು. ಅವರು ನನ್ನ ಕಡೆ ನೋಡಲಿಲ್ಲ. ಪೆಟ್ಟಿಗೆಯ ಕಡೆ ನೋಡಿ, "ಬಂದ್ಯೇನೋ," ಎಂದರು.

ಅಕ್ಕಾರು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಒಳಗಿನಿಂದ ಬಂದರು. ತೆಳ್ಳಗಿನ, ಎತ್ತರದ ಹೆಂಗಸು. ಹಣೆಯ ತುಂಬ ವಿಭೂತಿ. "ಇಷ್ಟು ದಿನ ಎಲ್ಲಿ ಸತ್ತಿತ್ತು ಇದು?" ಎಂದು ಪೆಟ್ಟಿಗೆಗೊಮ್ಮೆ ಬೈದು, ಕಂಬಕ್ಕೆ ಒರಗಿ ಕೂತು ಕಣ್ಣು ಮುಚ್ಚಿದರು. ಮಾಸ್ತರು ಆ ಪದದ ಮುನ್ನುಡಿ ಬಾರಿಸಿದರು. ಕೊನೆಯ ಸ್ವರ ಮೀಟಿ ಬಿಟ್ಟರು. ಗುಂಗು ಇಳಿಯತೊಡಗಿತು. ಇಳಿಯುತ್ತಲೇ ಇತ್ತು. ಅಕ್ಕಾರು ಉಸಿರು ತುಂಬಿಕೊಂಡು ಕಾಯುತ್ತಿದ್ದರು. ಎತ್ತಿದಾಗ ಆ ಉಸಿರು ಅರ್ಧ ಖರ್ಚಾಗಿತ್ತು. ಸಾಲಿನ ನಡುವೆಯೇ ದನಿ ಕುಸಿಯಿತು.

"ಇನ್ನೊಮ್ಮೆ," ಎಂದರು.

ಇನ್ನೊಮ್ಮೆಯೂ ಹಾಗೆಯೇ. ಮೂರನೆಯ ಸಲ ಕಾಯದೆ ಮೊದಲೇ ಎತ್ತಿದರು. ಗುಂಗಿನ ಮೇಲೆ ದನಿ ಹತ್ತಿ ಎರಡೂ ಕಲಸಿಹೋದವು.

"ಗುಂಗು ಜಾಸ್ತಿ ಆತೇನು?" ಎಂದು ಮಾಸ್ತರು ನಾಬ್ ಇಳಿಸಿದರು. ಸದ್ದು ಸಣ್ಣದಾಯಿತು, ಉದ್ದ ಅಷ್ಟೇ ಉಳಿಯಿತು. ಅಂಗೈಯಿಂದ ತಂತಿ ಒತ್ತಿ ನಿಲ್ಲಿಸಿ ನೋಡಿದರು. ತಂತಿ ನಿಂತಿತು, ಸ್ಪ್ರಿಂಗ್ ತನ್ನ ಪಾಡಿಗೆ ಗುಂಯ್‌ಗುಡುತ್ತಿತ್ತು.

ನಾನು ಬುದ್ಧಿವಂತಿಕೆಯ ಮಾತೊಂದು ಆಡಿದೆ. "ಅಕ್ಕಾರ, ಮನಸಿನ್ಯಾಗ ಎಣಿಸಿ ಶುರು ಮಾಡಿದ್ರ ಹೆಂಗ್ರಿ?"

"ಎಣಿಸಿಕೊಂತ ಪದ ಹಾಡೋದೇನ್ರಿ? ಸಂತಿಯೊಳಗ ನಿಂಬಿಹಣ್ಣು ಕೊಂಡಂಗ?"

ಮಾಸ್ತರು ನಕ್ಕರು. ಅಕ್ಕಾರು ನಗಲಿಲ್ಲ. "ಪೆಟ್ಟಿಗಿ ನೆಟ್ಟಗ ಅದ. ಮುಂಚಿಗಿಂತ ಛಲೋ ಅದ. ನಾನೇ ನೆಟ್ಟಗಿಲ್ಲ," ಎಂದು ಎದ್ದರು. "ಉಸುರು ಸಾಲವಲ್ತು. ಎಲ್ಲಿ ಹಿಡೀಬೇಕೋ ತಿಳಿವಲ್ತು. ಶಹಾಪುರದವರಿಗೆ ಹೇಳಿಬಿಡ್ರಿ, ಆಗಂಗಿಲ್ಲ ಅಂತ."

"ಬಿಟ್ಟು ಭಾಳ ದಿನ ಆಗ್ಯಾದ, ಅದಕ್ಕ ಹಂಗ. ವಯಸ್ಸೂ—"

"ಹೌದು ಹೌದು. ನಿಮಗೊಬ್ಬರಿಗೇ ಆಗಿಲ್ಲ ವಯಸ್ಸು."

ಪೆಟ್ಟಿಗೆಯನ್ನು ಮತ್ತೆ ಕೌದಿಯಲ್ಲಿ ಸುತ್ತಿ ನಾನೇ ತೊಡೆಯ ಮೇಲಿಟ್ಟುಕೊಂಡು ಯಾದಗಿರಿಗೆ ಹಿಂದಿರುಗಿದೆ. ಶಹಾಪುರ ದಾಟಿ, ಭೀಮೆಯ ಸೇತುವೆ ಬರುವವರೆಗೂ ಒಂದೇ ಯೋಚನೆ. ಎರಡು ಸಾಧ್ಯತೆಗಳಿದ್ದವು. ಅಕ್ಕಾರ ನೆನಪು ಮಾಸಿರಬಹುದು. ಅದು ನನಗೆ ಅಪರಿಚಿತ ಕಾಯಿಲೆಯಲ್ಲ, ಹಾಗೆಂದು ಒಪ್ಪಿಕೊಂಡರೆ ನನ್ನ ಕೆಲಸ ಮುಗಿಯಿತು. ಅಥವಾ ಪೆಟ್ಟಿಗೆ ಬದಲಾಗಿರಬಹುದು. ಆದರೆ ಅವರು ತಮಗೆ ಮುಪ್ಪು ಬಂತೆಂದು ನಂಬಿ ಒಳಗೆ ಹೋದ ರೀತಿ ನನಗೆ ಸರಿಬರಲಿಲ್ಲ. ನನ್ನ ರಿಪೇರಿ ಒಬ್ಬರಿಂದ ಹಾಡು ಕಸಿದುಕೊಂಡಿದ್ದರೆ ಅದನ್ನು ರಿಪೇರಿ ಎನ್ನುವುದು ಹೇಗೆ?

ಅಂಗಡಿಯಲ್ಲಿ ಗುಂಗನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಅಲೆಯ ಚಿತ್ರ ನೋಡಿದೆ. ಎಷ್ಟು ಹೊತ್ತು ಉಳಿಯುತ್ತದೆ ಎಂಬುದು ಅಚ್ಚುಕಟ್ಟಾಗಿ ಸಿಕ್ಕಿತು. ಆದರೆ ಯಾವುದರೊಂದಿಗೆ ಹೋಲಿಸುವುದು? ಈಗಿನದಕ್ಕೆ ಅಳತೆಯಿತ್ತು, ಆಗಿನದಕ್ಕೆ ಅವರಿಬ್ಬರ ನೆನಪು ಬಿಟ್ಟರೆ ನನ್ನ ಮೈದಾನದ ನೆನಪು, ಅದೂ ರಾಯಚೂರಿನವರ ಪಾಲಾಗಿತ್ತು.

ಹಾಗಾಗಿ ನಾನು ಮಾಡಿದ ರಿಪೇರಿಯನ್ನು ಒಂದೊಂದೇ ಹಿಂದಕ್ಕೆ ತೆಗೆದುಕೊಳ್ಳುತ್ತ ಹೋದೆ. ಸೋರುವ ಹಳೆಯ ಕೆಪಾಸಿಟರುಗಳನ್ನು ಮತ್ತೆ ಹಾಕಿದೆ. ದನಿ ಮಂಕಾಯಿತು, ಗುಂಗಿನ ಉದ್ದ ಅಷ್ಟೇ. ತಟ್ಟೆಯನ್ನು ತಿರುಗಿಸಿ ಇಟ್ಟೆ. ಗೊಣಗಾಟ ಬಂತು, ಉದ್ದ ಅಷ್ಟೇ. ಹೊಸದಾಗಿ ಹಾಕಿದ್ದನ್ನೆಲ್ಲ ಹೀಗೆ ತೆಗೆದು ನೋಡಿ, ಸೋತು, ಎಲ್ಲವನ್ನೂ ಮತ್ತೆ ಸರಿಯಾಗಿ ಕೂರಿಸಿದೆ. ಅಂಗಡಿ ಮುಚ್ಚಲೆಂದು ಕಸ ಗುಡಿಸುವಾಗ ಹೊಳೆಯಿತು. ಹಾಕಿದ್ದು ಹಲವು, ತೆಗೆದದ್ದು ಮಾತ್ರ ಒಂದೇ. ಆ ಹತ್ತಿಯ ಉಂಡೆ.

ಬುಟ್ಟಿ ಆಗಲೇ ಖಾಲಿಯಾಗಿ, ಊರಿನ ಕಸದ ಗಾಡಿ ಸೇರಿ ದಿನಗಳಾಗಿದ್ದವು. ಮಾಸ್ತರಿಗೆ ಫೋನ್ ಮಾಡಿದೆ.

"ಮಾಸ್ತರ, ಆ ಸ್ಪ್ರಿಂಗಿನ ನಡುವ ಒಂದು ಹತ್ತಿ ಉಂಡಿ ಇತ್ತು. ಇಲಿ ಗೂಡು ಅಂತ ತಗದು ಒಗದೀನಿ."

"ಇಲಿ ಎಲ್ಲಿಂದ ಬರಬೇಕ್ರಿ? ಕಬ್ಬಿಣದ ಟ್ರಂಕಿನ್ಯಾಗ ಇಟ್ಟಿದ್ದೆ. ಅದು ಇಕಿ ತುರುಕಿದ್ದಿರಬೇಕು."

ಆಗ ತಿಳಿದದ್ದು ಇದು. ಕಾರ್ಯಕ್ರಮಗಳಿಗೆ ಅವರು ಹೋಗುತ್ತಿದ್ದದ್ದು ಜೀಪಿನಲ್ಲಿ, ಕಲ್ಲೆದ್ದ ದಾರಿಗಳಲ್ಲಿ. ಸ್ಪ್ರಿಂಗುಗಳು ಬಡಿದಾಡಿ ಕಿತ್ತುಹೋಗಬಾರದೆಂದು ಅಕ್ಕಾರು ಹೊರಡುವ ಮೊದಲು ತಟ್ಟೆಯೊಳಗೆ ಹತ್ತಿ ತುಂಬುತ್ತಿದ್ದರು. ಹೊಲದ ಹತ್ತಿ ಮನೆಯಲ್ಲೇ ಇರುತ್ತಿತ್ತು. ದೇವರ ದೀಪಕ್ಕೆ ಬತ್ತಿ ಹೊಸೆಯುವ ಬುಟ್ಟಿಯಿಂದ ಹತ್ತಿ, ಹೊಸೆದ ಬತ್ತಿ, ಕೈಗೆ ಸಿಕ್ಕಷ್ಟು ತೆಗೆದು ತುರುಕುವುದು. ಸ್ಟೇಜ್ ಮುಟ್ಟಿದ ಮೇಲೆ ಎಲ್ಲ ಹೊರಗೆ ತೆಗೆಯುವುದು.

"ನಾ ಎಲ್ಲಾ ತಗೀತಿದ್ದೆ!" ಫೋನಿನ ಹಿಂದಿನಿಂದ ಅಕ್ಕಾರ ದನಿ. "ಅವರ ಮುಂದ ಸುಳ್ಳ ಹೇಳಬ್ಯಾಡ್ರಿ."

"ತಗೀತಿದ್ದಿ, ಖರೆ. ಆ ತಿಂಥಣಿಗೆ ಹೋದಾಗ ಗಡಿಬಿಡಿಯೊಳಗ—"

"ಗಡಿಬಿಡಿ ನಿಮ್ಮದು. ಸ್ಟೇಜ್ ಮ್ಯಾಲೆ ತಂತಿ ಹರಕೊಂಡು ಕುಂತವರು ಯಾರು?"

"ಅದು ತಿಂಥಣಿ ಅಲ್ಲ, ವಡಗೇರಾ."

"ವಡಗೇರಾಕ್ಕ ಮಳಿ ಬಂದು ಬಾರಿಸಲೇ ಇಲ್ಲ!"

ನಾನು ಫೋನನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದೆ. ತಟ್ಟೆಯ ಮೂಲೆಯಲ್ಲಿ ಒಂದಿಷ್ಟು ಹತ್ತಿ ಎಂದೋ ಉಳಿದುಬಿಟ್ಟಿರಬಹುದು. ಸ್ಪ್ರಿಂಗುಗಳಿಗೆ ತಾಗಿಕೊಂಡು ಅದು ನಡುಕವನ್ನು ಬೇಗ ನುಂಗಿ, ಗುಂಗನ್ನು ಗಿಡ್ಡ ಮಾಡಿರಬಹುದು. ಹಾಗಿದ್ದರೆ ಅಕ್ಕಾರ ಉಸಿರು ಪಳಗಿದ್ದು ಆ ಗಿಡ್ಡ ಗುಂಗಿಗೆ. ತರ್ಕ ಸರಿಯಿತ್ತು. ತೀರ ಸರಿಯಾಗಿದೆ ಎಂದೇ ನನಗೆ ಅನುಮಾನ. ನಾನು ಎಸೆದದ್ದು ಹೊಸೆದ ಬತ್ತಿಯೋ, ಬರೀ ಉಂಡೆಯೋ? ಫೋನ್ ಮಾಡುವ ಮೊದಲು ನನ್ನ ನೆನಪಿನಲ್ಲಿ ಅದು ಕಪ್ಪು ಉಂಡೆ. ಬತ್ತಿ ಎಂಬ ಮಾತು ಕಿವಿಗೆ ಬಿದ್ದ ಮೇಲೆ ಅದರಲ್ಲಿ ಹೊಸೆದ ಗುರುತು ಕಾಣತೊಡಗಿತು. ಇಂಥ ಸಾಕ್ಷಿಯನ್ನು ಯಾವ ಕೋರ್ಟೂ ಒಪ್ಪುವುದಿಲ್ಲ.

ಚೊಕ್ಕಟ ಮಾಡಿದ ಯಂತ್ರದೊಳಗೆ ಕಸ ಮರಳಿ ಹಾಕುವುದು ಕಲಿತ ವಿದ್ಯೆಗೆ ವಿರುದ್ಧ. ಮದುವೆ ಹತ್ತಿರ ಬಂದಿತ್ತು. ಇನ್ನೊಂದು ಅಳತೆ ನನಗೆ ತೋಚಲಿಲ್ಲ. ಹಾಕಿಯೇ ನೋಡುವುದು ಎಂದು ನಿರ್ಧರಿಸಿ, ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ಮತ್ತೆ ಬಸ್ ಹತ್ತಿದೆ.

ಅಕ್ಕಾರು ಬಾಗಿಲಲ್ಲೇ ತಡೆದರು. "ನನ್ನ ಸಲುವಾಗಿ ಛಲೋ ಪೆಟ್ಟಿಗಿ ಕೆಡಸಬ್ಯಾಡ್ರಿ."

"ಕೆಡಸಂಗಿಲ್ರಿ. ಒಂದೀಟು ಬತ್ತಿ ಕೊಡ್ರಿ ಸಾಕು."

"ಪೆಟ್ಟಿಗಿಗಿ ದೀಪಾ ಹಚ್ಚತೀರೇನು?" ಎನ್ನುತ್ತ ದೇವರ ಮಾಡದಿಂದ ಬುಟ್ಟಿ ತಂದು ಮುಂದಿಟ್ಟರು. ಆಮೇಲೆ ಇದರ ಗೊಡವೆಯೇ ಬೇಡವೆಂಬಂತೆ ಅಡುಗೆಮನೆಗೆ ಹೋಗಿ ರೊಟ್ಟಿ ಬಡಿಯತೊಡಗಿದರು. ಪಟ ಪಟ ಪಟ ಸದ್ದು ಪಡಸಾಲೆಗೆ ಕೇಳುತ್ತಿತ್ತು.

ಪೆಟ್ಟಿಗೆಯ ತಳ ಬಿಚ್ಚಿ, ಮಗ್ಗುಲಾಗಿಸಿ, ಸ್ಪ್ರಿಂಗುಗಳ ನಡುವೆ ಒಂದು ಹಿಡಿ ಹತ್ತಿ ಇಟ್ಟೆ. ಮಾಸ್ತರು ಮೀಟಿದರು.

"ಗೋಣಿಚೀಲದಾಗ ಕುಂತು ಬಾರಿಸಿದಂಗ ಆತು," ಎಂದರು.

ಅರ್ಧ ತೆಗೆದೆ. ಗೋಣಿಚೀಲ ಸ್ವಲ್ಪ ತೆಳ್ಳಗಾಯಿತು. ಹತ್ತಿ ಎಲ್ಲ ತೆಗೆದು, ಒಂದೇ ಬತ್ತಿಯನ್ನು ಒಂದು ಸ್ಪ್ರಿಂಗಿಗೆ ತಾಗಿಸಿದೆ. ಇನ್ನೊಂದು ಸ್ಪ್ರಿಂಗ್ ತನ್ನಷ್ಟಕ್ಕೆ ಉದ್ದಕ್ಕೆ ಗುಂಯ್‌ಗುಟ್ಟಿತು. ಮಾಸ್ತರು ಪ್ರತಿ ಸಲ "ಇದೇ, ಇದೇ!" ಎನ್ನುವರು, ಮರುಕ್ಷಣ "ಅಲ್ಲೇನೋ" ಎನ್ನುವರು. ಅವರ ಕಿವಿಯ ಭರವಸೆ ಬಿಟ್ಟೆ. ನನ್ನದರ ಭರವಸೆ ಮೊದಲೇ ಇರಲಿಲ್ಲ.

ಆಮೇಲೆ ಎರಡು ಬತ್ತಿಗಳನ್ನು ತಟ್ಟೆಯ ಒಂದು ತುದಿಗೆ, ಎರಡೂ ಸ್ಪ್ರಿಂಗುಗಳಿಗೆ ಹಗುರಾಗಿ ತಾಗುವಂತೆ ಇಟ್ಟೆ. ಮಾಸ್ತರು ಬೇಸರದಿಂದಲೇ ಮುನ್ನುಡಿ ಬಾರಿಸಿದರು. ಕೊನೆಯ ಸ್ವರ ಬಿಟ್ಟರು. ಗುಂಗು ಇಳಿಯಿತು.

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು.

ಅಡುಗೆಮನೆಯಿಂದ ಆ ಪದ ಎದ್ದು ಬಂತು. ಗುಂಗು ಮುಗಿದಲ್ಲಿ, ಮುಗಿದ ಜಾಗದಲ್ಲಿಯೇ. ಇಡೀ ಸಾಲು ಒಂದೇ ಉಸಿರಿನಲ್ಲಿ ಹೋಗಿ ತನ್ನ ದಡ ಮುಟ್ಟಿತು. ಮಾಸ್ತರ ಬೆರಳು ತಂತಿಯ ಮೇಲೆಯೇ ನಿಂತಿತ್ತು. ಅವರು ಮುಂದಿನ ಸಾಲಿಗೆ ಬಾರಿಸುವುದನ್ನೇ ಮರೆತರು. ಒಳಗೆ ಮತ್ತೆ ಪಟ ಪಟ ಶುರುವಾಯಿತು, ಏನೂ ಆಗದವರಂತೆ.

"ಆತು ನೋಡ್ರಿ!" ಎಂದು ಮಾಸ್ತರು ಪಿಸುಗುಟ್ಟಿದರು.

"ಆಗಿಲ್ರಿ." ನಾನೂ ಪಿಸುಗುಟ್ಟಿದೆ. "ಬತ್ತಿ ತಗದು ಇನ್ನೊಮ್ಮೆ ನೋಡಬೇಕು. ಒಂದು ಸಲ ಕೂಡಿ ಬಂದಿದ್ದು ಸಾಕ್ಷಿ ಅಲ್ಲ."

"ದೇವರು ಕೈ ಮುಗದು ನಿಂತರೂ ಆಧಾರ್ ಕಾರ್ಡ್ ಕೇಳತೀರಿ ನೀವು," ಎಂದರು. ಆದರೂ ಗಿಟಾರ್ ಎತ್ತಿಕೊಂಡರು.

ಬತ್ತಿ ತೆಗೆದೆ. ಅವರು ಬಾರಿಸಿದರು. ರೊಟ್ಟಿಯ ಸದ್ದು ನಿಂತಿತು. ಗುಂಗು ಎಳೆಯುತ್ತ ಹೋಯಿತು. ದನಿ ಬರಲಿಲ್ಲ. "ಥೂ," ಎಂದರು ಒಳಗಿನಿಂದ. ಪಟ ಪಟ ಮತ್ತೆ ಶುರು, ಈ ಸಲ ಜೋರಾಗಿ. ಬತ್ತಿ ಹಾಕಿದೆ. ಬಾರಿಸಿದರು. ಸದ್ದು ನಿಂತಿತು, ಪದ ಬಂತು, ಅದೇ ಜಾಗದಲ್ಲಿ. ನಾನು ತೆಗೆದದ್ದಾಗಲಿ ಹಾಕಿದ್ದಾಗಲಿ ಅಡುಗೆಮನೆಗೆ ಕಾಣುವಂತಿರಲಿಲ್ಲ. ನನ್ನ ಓದು ಬಯಸುವಂಥ ಪರೀಕ್ಷೆ ಹಂಚಿನ ಮೇಲಿನ ಒಂದು ರೊಟ್ಟಿ ಹೊತ್ತುವಷ್ಟರಲ್ಲಿ ಮುಗಿದಿತ್ತು.

ರೊಟ್ಟಿ ಹೊತ್ತಿಯೇ ಇತ್ತು. ಆ ವಾಸನೆಯ ಜೊತೆಗೇ ಅಕ್ಕಾರು ಹಿಟ್ಟಿನ ಕೈಯಲ್ಲಿ ಹೊರಗೆ ಬಂದರು. "ಏನ ನಡಸೀರಿ ಇಬ್ಬರೂ? ನಡುವ ಒಮ್ಮೆ ಯಾಕ ಹಿಡದು ನಿಂದ್ರಿಸಿದ್ರಿ ನನ್ನ?"

"ನಾವು ನಿಂದ್ರಿಸಿಲ್ರಿ ಅಕ್ಕಾರ. ನಿಮ್ಮ ಬತ್ತಿ ತಗದಿದ್ದೆ," ಎಂದು ತಟ್ಟೆ ತೋರಿಸಿದೆ. ಎಲ್ಲ ವಿವರಿಸಿದೆ.

ಅವರು ಬಾಗಿ ಆ ಎರಡು ಬತ್ತಿಗಳನ್ನು ಬಹಳ ಹೊತ್ತು ನೋಡಿದರು. "ಅಂದ್ರ ನನ್ನ ಉಸುರು ತಪ್ಪಿದ್ದಿಲ್ಲ?"

"ಇಲ್ರಿ. ನೀವು ಇದ್ದಲ್ಲೇ ಇದ್ರಿ. ನಾ ಗುಂಗು ಉದ್ದ ಮಾಡಿಬಿಟ್ಟಿದ್ದೆ."

ಅವರು ಗಂಡನ ಕಡೆ ತಿರುಗಿದರು. "ಕೇಳಿದ್ರಿಲ್ಲೋ? ವಯಸ್ಸು ಅಂದ್ರಲ್ಲ?"

"ನನ್ನ ವಯಸ್ಸಿನ ಮಾತು ಆಡಿದ್ದೆ ನಾ," ಎಂದರು ಮಾಸ್ತರು, ಗಿಟಾರಿನ ತಂತಿ ಒರೆಸುತ್ತ.

ಅಕ್ಕಾರು ಕೈ ತೊಳೆದು ಬಂದು ಬುಟ್ಟಿಯ ಮುಂದೆ ಕೂತರು. ನಾನಿಟ್ಟಿದ್ದ ಬತ್ತಿಗಳನ್ನು ತೆಗೆಸಿ, ಅದೇ ಗಾತ್ರದ ಎರಡು ಹೊಸದಾಗಿ ಹೊಸೆದು ಅರಿಶಿಣ ಸವರಿದರು. "ದಾರಿಗಿ ತುಂಬೂ ಬಿಳಿ ಹತ್ತಿ ಬ್ಯಾರೆ, ಇವು ಬ್ಯಾರೆ. ಗುರುತು ಇರಲಿ," ಎಂದರು. ನಾನು ಅವನ್ನು ದಾರದಿಂದ ತಟ್ಟೆಯ ತುದಿಗೆ ಕಟ್ಟಿ, ಇನ್ನೊಮ್ಮೆ ಬಾರಿಸಿ ನೋಡಿ, ತಳ ಮುಚ್ಚಿದೆ.

ಶಹಾಪುರದ ಮದುವೆಯ ರಿಸೆಪ್ಷನ್ನಿನಲ್ಲಿ ಕೀಬೋರ್ಡ್ ಪಾರ್ಟಿಯವರು ಆಳೆತ್ತರದ ಸ್ಪೀಕರುಗಳನ್ನು ನಿಲ್ಲಿಸಿದ್ದರು. ಅವುಗಳ ನಡುವೆ ನಮ್ಮ ಕಂದು ಪೆಟ್ಟಿಗೆ ಬೇರೆ ಊರಿನ ಬೀಗರಂತೆ ಕೂತಿತ್ತು. ಅಕ್ಕಾರು ಸ್ಟೇಜ್ ಹತ್ತಿದಾಗ ಊಟದ ಮಂದಿಯ ಗದ್ದಲವಿನ್ನೂ ಇಳಿದಿರಲಿಲ್ಲ. ಮಾಸ್ತರು ಕೊನೆಯ ಸ್ವರ ಮೀಟಿ ಬಿಟ್ಟರು. ನಾನು ಪಕ್ಕದಲ್ಲಿ, ಪ್ಲಗ್ ಕಳಚದಂತೆ ಕಾಯುತ್ತ ನಿಂತಿದ್ದೆ. ಗುಂಗು ಇಳಿಯಿತು. ಅವರು ಎತ್ತಿಕೊಂಡರು. ಮಗಳ ಪಕ್ಕದಲ್ಲಿ ಹೊಸ ಪ್ಯಾಂಟಿನಲ್ಲಿ ನಿಂತಿದ್ದ ಢೋಲಕ್ಕಿನವರು, ಕೈಯಲ್ಲಿ ಢೋಲಕ್ ಇಲ್ಲದಿದ್ದರೂ, ತಮ್ಮ ಜಾಗ ಬಂದಾಗ ತೊಡೆಯ ಮೇಲೆ ಬಾರಿಸತೊಡಗಿದರು.

ಇದು ನಾನು ಹಿಂದೆ ಕೇಳಿದ ದನಿಯೇ? ಹೌದೆನಿಸಿತು. ಅದಕ್ಕೇ ನಂಬಲಿಲ್ಲ. ಈ ಸಲ ಮಾತ್ರ ಕೇಳಿದ್ದು ಇವರನ್ನೇ, ಶಹಾಪುರದಲ್ಲೇ. ಬೇಕೆಂದರೆ ಕೇಳಿ, ಪಕ್ಕದಲ್ಲಿ ಮಾಸ್ತರು ಇದ್ದರು.

ಎಲ್ಲ ಮುಗಿದು ಹೊರಡುವಾಗ ಟೆಂಪೋದ ಹತ್ತಿರ ಪೆಟ್ಟಿಗೆಯ ತಳ ಬಿಚ್ಚಿಸಿ ಅಕ್ಕಾರು ಹಳೆ ರೂಢಿಯಂತೆ ಬಿಳಿ ಹತ್ತಿ ತುಂಬಿದರು. "ಮನಿ ಮುಟ್ಟಿದ ಮ್ಯಾಲೆ ಎಲ್ಲಾ ತಗೀತೀನಿ," ಎಂದರು.

"ಅರಿಶಿಣದವು ಬಿಟ್ಟು," ಎಂದೆ.

"ಅವು ಬಿಟ್ಟು. ಗೊತ್ತದ ನನಗ."

ಗೊತ್ತಿತ್ತು, ಇಂದಿಗೆ. ನಾನು ಜೇಬಿನಿಂದ ಮಾರ್ಕರ್ ಪೆನ್ ತೆಗೆದು ತಳದ ಹಲಗೆಯ ಒಳಮೈ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದೆ. ಮಾಸ್ತರು ಚಾಳೀಸು ಏರಿಸಿ ಓದಿದರು: "ಅರಿಶಿಣ ಹಚ್ಚಿದ ಬತ್ತಿ ಕಸ ಅಲ್ಲ. ತೆಗೆಯಬಾರದು."

"ಯಾರಿಗ್ರಿ ಸರ ಇದು? ಮುಂದ ರಿಪೇರಿ ಮಾಡವಂಗೇನು?"

"ಹೌದ್ರಿ. ಬಹುಶಃ ಅವ ನಾನೇ ಇರತೀನಿ."

ಅಕ್ಕಾರು ಟೆಂಪೋ ಹತ್ತಿ, ಅಷ್ಟರಲ್ಲಿ ತಳ ಮುಚ್ಚಿ ಕೌದಿ ಸುತ್ತಿದ್ದ ಪೆಟ್ಟಿಗೆಗೆ ಪಕ್ಕದಲ್ಲಿ ಜಾಗ ಮಾಡುತ್ತಿದ್ದವರು ತಿರುಗಿ ನೋಡಿದರು.

"ಹಂಗಾದ್ರ ಕೆಳಗ ನಿಮ್ಮ ಹೆಸರೂ ಬರೀರಿ. ಇಲ್ಲಂದ್ರ ಆಮ್ಯಾಲ ಯಾವ ಹುಚ್ಚ ಬರದಾನ ಅಂತ ನೀವೇ ಅಳಿಸೀರಿ."

ಕೌದಿ ಬಿಚ್ಚಿಸಿ, ತಳವನ್ನೂ ಮತ್ತೆ ಬಿಚ್ಚಿದೆ. ಬರೆದೆ.